ಗುಂಡು ಇಲ್ಲದೆ ಹೋಳಿಗೆ ಹೊರಡುವುದಿಲ್ಲ

ನಮ್ಮ ಮಾವನವರಿಗೆ ಪೆನ್ಶನ್ ಆಗಿದೆ ಎಂದು ರೈಲ್ವೆಯವರು ತಿಳಿದುಕೊಂಡಿದ್ದರು. ಪಾಪ, ಅಷ್ಟು ದೊಡ್ಡ ಆಫೀಸಿಗೂ ಒಮ್ಮೊಮ್ಮೆ ತಪ್ಪು ತಿಳಿವಳಿಕೆ ಆಗುವುದುಂಟು. ಖರೆ ಹೇಳಬೇಕೆಂದರೆ ಅವರಿಗೆ ಆದದ್ದು ಬರೀ ವರ್ಗ. ಮೂವತ್ತು ವರ್ಷ ಗೂಡ್ಸ್ ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಗಾರ್ಡ್ ಆಗಿದ್ದವರು ಅಲ್ಲಿಂದ ನೇರವಾಗಿ ಹುಬ್ಬಳ್ಳಿಯ ನಮ್ಮ ಮನೆಗೆ ವರ್ಗವಾಗಿ ಬಂದು ಚಾರ್ಜ್ ತೆಗೆದುಕೊಂಡರು. ಮನೆಯ ಇಂಜಿನ್ನು ಅತ್ತೆ. ನಾನು ಸೊಸೆಯಾಗಿ ಬಂದ ಮೇಲೆ ನನ್ನನ್ನು ಒಂದು ವ್ಯಾಗನ್ ಎಂದು ಹಿಂದೆ ಜೋಡಿಸಿದರು.

ಜೋಡಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ನಾದಿನಿಯರು ಆರತಿ ಹಿಡಿದು ಹಾಡುತ್ತಿದ್ದರು. ನಾನು ಬಲಗಾಲು ಎತ್ತಬೇಕು, ಅಷ್ಟರಲ್ಲಿ ಪಿರ್ ಎಂದು ಒಂದು ಸೀಟಿ! ನೋಡಿದರೆ ಪಡಸಾಲೆಯ ನಡುವೆ ಮಾವನವರು ಕೆಂಪು ನಿಶಾನೆ ಹಿಡಿದು ನಿಂತಿದ್ದಾರೆ.

"ತಡೀರಿ. ಒಳಗ ಸಮೆಕ್ಕ ಎಣ್ಣಿ ಹಾಕಿಲ್ಲ. ಲೈನ್ ಕ್ಲಿಯರ್ ಇಲ್ಲ."

ಸಮೆಯ ದೀಪ ಹತ್ತುವ ತನಕ ಒಂಟಿ ಕಾಲಿನ ಮೇಲೆ ನಿಂತಿದ್ದೆ. ಆಮೇಲೆ ಹಸಿರು ನಿಶಾನೆ ಬೀಸಿದರು, ನಾನು ಸೇರು ಒದ್ದು ಒಳಗೆ ಬಂದೆ. ಅವರು ಜೇಬಿನ ಗಡಿಯಾರ ನೋಡಿ, ಕಿವಿಯ ಮೇಲಿನ ಪೆನ್ಸಿಲ್ ಇಳಿಸಿ, ಒಂದು ಉದ್ದನೆಯ ಬುಕ್ಕಿನಲ್ಲಿ ಏನೋ ಬರೆದುಕೊಂಡರು. ನಾಲ್ಕು ದಿನದ ಮೇಲೆ ಕದ್ದು ನೋಡಿದೆ. "ಸೊಸೆ ಒಳಗೆ. ಏಳು ನಿಮಿಷ ತಡ. ಕಾರಣ: ಹೆಣ್ಣುಮಕ್ಕಳ ಹಾಡು." ಎಣ್ಣೆ ಇಲ್ಲದ ಸಮೆಯ ಮಾತು ಅದರಲ್ಲಿ ಇರಲಿಲ್ಲ. ಸಮೆಗೆ ಎಣ್ಣೆ ಹಾಕುವ ಕೆಲಸ ಆ ದಿನ ಅವರದೇ ಆಗಿತ್ತೆಂದು ಅತ್ತೆ ಆಮೇಲೆ ಹೇಳಿದರು.

ಆ ಬುಕ್ಕು ನಮ್ಮ ಮನೆಯ ಪುರಾಣ. ಗಾಡಿ ಎಲ್ಲಿ ಎಷ್ಟು ಹೊತ್ತು ನಿಂತಿತು, ಯಾಕೆ ನಿಂತಿತು ಎಂದು ಗಾರ್ಡ್ ಆದವನು ದಿನವೂ ಬರೆಯಬೇಕಂತೆ. ಗಾಡಿ ಹೋಯಿತು, ಬರೆಯುವ ಚಟ ಉಳಿಯಿತು. "ಸಾರು ಹದಿನೈದು ನಿಮಿಷ ತಡ. ಕಾರಣ: ಹಸಿ ಕಟ್ಟಿಗೆ." "ಮಗ ಕಚೇರಿಯಿಂದ ಒಂದು ತಾಸು ತಡ. ಕಾರಣ ಹೇಳಲಿಲ್ಲ. ಬಾಯಿಗೆ ಭಜಿಯ ವಾಸನೆ." ಹೀಗೆ ಪುಟಗಟ್ಟಲೆ. ಆ 'ಕಾರಣ' ಎಂಬಲ್ಲಿ ಅತ್ತೆ ಬಂದಿದ್ದಾರೆ, ನಾನು ಬಂದಿದ್ದೇನೆ, ಬೆಕ್ಕು ಬಂದಿದೆ, ಮಳೆ ಬಂದಿದೆ, ಒಮ್ಮೆ ಪಕ್ಕದ ಮನೆಯ ಎಮ್ಮೆಯೂ ಬಂದಿದೆ. ಗಾರ್ಡ್ ಮಾತ್ರ ಎಂದೂ ಬಂದವನಲ್ಲ.

"ಮೂವತ್ತ ವರ್ಷದಾಗ ಇಡೀ ಜಗತ್ತ ತಡಾ ಮಾಡೇತಿ, ಇವರೊಬ್ಬರನ್ನ ಬಿಟ್ಟು" ಎಂದು ಅತ್ತೆ ರೊಟ್ಟಿ ಬಡಿಯುತ್ತ ನನಗೆ ಕೇಳುವಷ್ಟು ಹೇಳುತ್ತಿದ್ದರು.

ನ್ಯಾಯವಾಗಿ ಒಂದು ಮಾತು ಹೇಳಿಬಿಡಬೇಕು. ಆ ಕಾಲದಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರು, ಹೆಂಗಸರಲ್ಲೂ ಸೊಸೆ ಎಲ್ಲರಿಗಿಂತ ಕಡೆಗೆ. ನಮ್ಮ ಮನೆಯಲ್ಲಿ ಹಾಗಲ್ಲ. ಗಾರ್ಡಿನ ಡಬ್ಬಿ ಯಾವಾಗಲೂ ಹಿಂದೆಯೇ ಇರಬೇಕಾದದ್ದು. ಆದ್ದರಿಂದ ಮಾವನವರು ನನಗಿಂತಲೂ ಕಡೆಗೆ ಉಣ್ಣುತ್ತಿದ್ದರು. "ಎಲ್ಲಾ ಡಬ್ಬಿ ಬಂದು ಮುಟ್ಟಿದ ಮ್ಯಾಲ ನಂದು" ಅನ್ನುವರು. ಓಣಿಯವರು ಇದನ್ನು ಕೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಬಿಸಿ ರೊಟ್ಟಿ ತಿಂದು ನಗುತ್ತಿದ್ದೆ.

ಇನ್ನು ಗುಂಡಿನ ಕಥೆ. ನಮ್ಮದು ಹಳೆಯ ಮನೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಜೋಳದ ಕೋಣೆಯ ಗೋಡೆಗೆ ಹತ್ತಿಕೊಂಡು ಒಂದು ಉದ್ದನೆಯ ಕತ್ತಲೆ ಸಂದಿ. ಒಬ್ಬರು ಹೋಗುವಾಗ ಇನ್ನೊಬ್ಬರು ಎದುರು ಬಂದರೆ ಮುಗಿಯಿತು. ಒಂದು ದಿನ ಅತ್ತೆ ಕುದಿಯುವ ಸಾರಿನ ಬೋಗುಣಿ ಹಿಡಿದು ಆ ಕಡೆಯಿಂದ, ಮಾವನವರು ಗಡಿಯಾರ ನೋಡುತ್ತ ಈ ಕಡೆಯಿಂದ. ಸಾರು ಮಾವನವರ ಧೋತರದ ಮೇಲೆ ಇಳಿಯಿತು. ಬೇರೆ ಮನೆಯಾಗಿದ್ದರೆ ಬರ್ನಾಲೋ ಬೆಣ್ಣೆಯೋ ಹಚ್ಚಿ ಸುಮ್ಮನಾಗುತ್ತಿದ್ದರು. ಮಾವನವರು ವಿಚಾರಣೆ ನಡೆಸಿದರು.

"ಒಂಟಿ ಹಳಿ ಮ್ಯಾಲ ಎದುರುಬದುರು ಎರಡ ಗಾಡಿ ಬಿಟ್ರ ಮತ್ತೇನಾಗ್ತದ? ಟೋಕನ್ ಬೇಕು."

ಒಂಟಿ ಹಳಿಯ ದಾರಿಯಲ್ಲಿ ಎರಡು ಸ್ಟೇಶನ್ನಿನ ನಡುವೆ ಒಂದೇ ಗಾಡಿ ಇರಬೇಕು. ಅದಕ್ಕೆ ಸ್ಟೇಶನ್ ಮಾಸ್ತರರು ಡ್ರೈವರನಿಗೆ ಟೋಕನ್ ಎಂದು ಒಂದು ಲೋಹದ ಗುಂಡು ಕೊಡುತ್ತಾರೆ. ಗುಂಡು ಕೈಯಲ್ಲಿದ್ದವನು ಹೋಗಬಹುದು, ಇಲ್ಲದವನು ನಿಲ್ಲಬೇಕು. ಮಾವನವರು ಅಟ್ಟ ಹತ್ತಿ, ನನ್ನ ಗಂಡ ಕೂಸಾಗಿದ್ದಾಗ ತೊಟ್ಟಿಲಿಗೆ ಕಟ್ಟಿದ್ದ ಕೆಂಪು ಬಣ್ಣದ ಕಟ್ಟಿಗೆಯ ಗುಂಡು ಹುಡುಕಿ ತಂದರು. ಸಂದಿಯ ಎರಡು ತುದಿಗೂ ಗೋಡೆಯಲ್ಲಿ ಗೂಡು ಇದ್ದವು. ಗುಂಡು ನಿಮ್ಮ ಕಡೆಯ ಗೂಡಿನಲ್ಲಿ ಇದ್ದರೆ ಹಿಡಿದುಕೊಂಡು ದಾಟಿ ಆ ಕಡೆಯ ಗೂಡಿನಲ್ಲಿ ಇಡಬೇಕು. ಇಲ್ಲದಿದ್ದರೆ ಆ ಕಡೆಯವರು ಯಾರಾದರೂ ತರುವ ತನಕ ಕಾಯಬೇಕು.

ಆ ಕಡೆ ಯಾರೂ ಇಲ್ಲದಿದ್ದರೆ? ನಾನೂ ಕೇಳಿದ್ದೆ. ಒಂದು ದಿನ ಹಾಗೇ ಆಯಿತು. ನಾವು ಮೂವರೂ ಅಡುಗೆಮನೆಯ ಕಡೆ, ಗುಂಡು ಪಡಸಾಲೆಯ ಗೂಡಿನಲ್ಲಿ. ಹತ್ತು ಹೆಜ್ಜೆ ದಾಟಿದರೆ ಸಿಗುತ್ತದೆ. ಮಾವನವರು ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಆರು ಮನೆ ಸುತ್ತು ಹಾಕಿ, ಮುಂಬಾಗಿಲಿನಿಂದ ಒಳಗೆ ಬಂದು, ಗುಂಡು ತೆಗೆದುಕೊಂಡು ಕಾಯ್ದೆ ಪ್ರಕಾರ ಸಂದಿಯಿಂದ ಬಂದರು. ಬಿಸಿಲಿಗೆ ಮುಖ ಕೆಂಪಗಾಗಿತ್ತು. "ಹನ್ನೊಂದು ನಿಮಿಷ ತಡ. ಕಾರಣ: ಸೊಸೆ ಗುಂಡು ಆ ಕಡೆ ಬಿಟ್ಟದ್ದು."

ಇಂಥ ಮನುಷ್ಯನ ಜೀವಮಾನದಲ್ಲಿ ಒಂದೇ ಒಂದು ಕೆಲಸ ಬಾಕಿ ಇತ್ತು. ಎರಡು ಓಣಿ ಆಚೆ ಇದ್ದ ಡ್ರೈವರ್ ಸಾಹೇಬರ ಸಂಗಡ ಮಾತಾಡುವುದು.

ಡ್ರೈವರ್ ಸಾಹೇಬರು ಮಾವನವರ ಗಾಡಿಯನ್ನೇ ಬಹಳ ವರ್ಷ ಓಡಿಸಿದವರು. ಇವರು ಕಟ್ಟಕಡೆಯ ಡಬ್ಬಿ, ಅವರು ಇಂಜಿನ್ನು, ನಡುವೆ ನಲವತ್ತು ವ್ಯಾಗನ್ನು. ಹದಿನಾಲ್ಕು ವರ್ಷದ ಹಿಂದೆ ಒಂದು ನಸುಕಿನಲ್ಲಿ ಯಾವುದೋ ಸಣ್ಣ ಸ್ಟೇಶನ್ನಿನಲ್ಲಿ ಗಾಡಿ ನಿಂತಿತ್ತಂತೆ. ಡ್ರೈವರನಿಗೆ ಗುಂಡು ಸಿಕ್ಕಿತ್ತು, ಹೋಗಬಹುದೆಂದು ಸಿಗ್ನಲ್ಲಿನ ಕೈ ಕೆಳಗೆ ಬಿದ್ದಿತ್ತು. ಗಾರ್ಡ್ ಹಸಿರು ಕಂದೀಲು ತೋರಿಸಿದರೆ ಹೊರಡುವುದಷ್ಟೇ ಬಾಕಿ. ಗಾಡಿ ಒಂಬತ್ತು ನಿಮಿಷ ಹಾಗೇ ನಿಂತಿತು. ಮಾವನವರು ಬುಕ್ಕಿನಲ್ಲಿ ಬರೆದರು: "ಒಂಬತ್ತು ನಿಮಿಷ ತಡ. ಕಾರಣ: ಡ್ರೈವರ್." ಆ ತಿಂಗಳೇ ಸಾಹೇಬರಿಗೆ ಬಡ್ತಿಯಾಗಿ ಮೇಲ್ ಗಾಡಿ ಸಿಗುವುದಿತ್ತು. ಸಿಗಲಿಲ್ಲ. ಪೆನ್ಶನ್ ಆಗುವ ತನಕ ಗೂಡ್ಸ್ ಗಾಡಿಯಲ್ಲೇ ಉಳಿದರು. ವಿಚಾರಣೆಯಲ್ಲಿ ಅವರು ಒಂದು ಮಾತೂ ಆಡಲಿಲ್ಲವಂತೆ. ಆ ಸ್ಟೇಶನ್ನಿನ ಮಾಸ್ತರರನ್ನು ಕೇಳಿದರೆ, "ನಾ ಹಲ್ಲು ತಿಕ್ಕಾಕತ್ತಿದ್ದೆ, ನೋಡಿಲ್ರಿ" ಅಂದರಂತೆ.

ಅದಾದ ಮೇಲೆ ಇಬ್ಬರೂ ಎಂಟು ವರ್ಷ ಅದೇ ಗಾಡಿಯಲ್ಲಿ ದುಡಿದರು, ಮಾತಿಲ್ಲದೆ. ಅವರು ಇಂಜಿನ್ನಿನ ಸೀಟಿ ಹೊಡೆಯುವುದು, ಇವರು ನಿಶಾನೆ ಬೀಸುವುದು. ಮಾತು ಬಿಟ್ಟ ಅಣ್ಣತಮ್ಮಂದಿರು ಹೆಂಡಿರ ಬಾಯಿಂದ ಮಾತಾಡುತ್ತಾರೆ. ಇವರಿಗೆ ಆ ಅನುಕೂಲವೂ ಇರಲಿಲ್ಲ.

"ಅತ್ತಿ, ಖರೆ ತಪ್ಪು ಯಾರದು?" ಎಂದು ನಾನು ಒಮ್ಮೆ ಕೇಳಿದೆ.

ಅತ್ತೆ ಒಲೆಯೊಳಗಿನ ಕಟ್ಟಿಗೆ ಮುಂದಕ್ಕೆ ನೂಕಿದರು. "ಆ ವಾರ ನಿನ್ನ ಗಂಡಗ ವಿಷಮಜ್ವರ. ಹತ್ತ ವರ್ಷದ ಹುಡುಗ, ಉಳೀತಾನ ಇಲ್ಲ ಅನ್ನೂಹಂಗ ಆಗಿತ್ತು. ಮೂರ ದಿನ ಇವ್ರು ಕಣ್ಣ ಮುಚ್ಚಿರಲಿಲ್ಲ. ನಾಕನೇ ದಿನ ಡ್ಯೂಟಿಗೆ ಹೋದ್ರು. ಅಷ್ಟ ನನಗ ಗೊತ್ತು. ಮುಂದಿಂದು ಅವರನ್ನ ಕೇಳು."

ಕೇಳುವ ಧೈರ್ಯ ಯಾರಿಗಿತ್ತು?

ಒಂದು ದಿನ ಮಾವನವರು ಇದ್ದಕ್ಕಿದ್ದಂತೆ, ಹಳೆಯ ಗಾಡಿಯ ಮಂದಿಯನ್ನೆಲ್ಲ ಊಟಕ್ಕೆ ಕರೆಯಬೇಕು ಅಂದರು. ಎಲ್ಲ ಎಂದರೆ ಮೂವರು. ಹಲ್ಲು ತಿಕ್ಕುತ್ತಿದ್ದ ಮಾಸ್ತರರು ಧಾರವಾಡದಲ್ಲಿದ್ದರು. ಇಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದ ಫಾಯರ್‌ಮನ್ ಅಮರಗೋಳದಲ್ಲಿದ್ದ. ಮೂರನೆಯ ಹೆಸರು ಹೇಳುವಾಗ ಮಾವನವರು ನಿಶಾನೆಯ ಕೋಲು ಒರೆಸುತ್ತಿದ್ದರು. "ಅವರಿಗೂ ಹೇಳಿ ಕಳಸ್ರಿ. ಫಾಯರ್‌ಮನ್ ಬಾಯಿಲೆ."

ಸುದ್ದಿ ಓಣಿಗೆ ಹಬ್ಬಿತು. ಡ್ರೈವರ್ ಸಾಹೇಬರಂಥ ಮುಸಲ್ಮಾನರನ್ನು ಮನೆಯೊಳಗೆ ಊಟಕ್ಕೆ ಕೂಡ್ರಿಸುವುದು ಅಂದಿನ ದಿನದಲ್ಲಿ ಸಣ್ಣ ಮಾತಲ್ಲ. ಎದುರು ಮನೆಯ ಹಿರಿಯರು ಕಟ್ಟೆಯ ಮೇಲೆ ನಿಂತು ಕೆಮ್ಮಿದರು. ಅತ್ತೆ ಬಾಗಿಲಿಗೆ ಹೋಗಿ, "ಇಷ್ಟ ವರ್ಷ ಇವರ ಜೀವಾ ಹೊತಗೊಂಡು ಹೋಗಿ ಹೊಳ್ಳಿ ಮನಿಗೆ ತಂದು ಮುಟ್ಟಿಸ್ಯಾರ್ರಿ ಅವ್ರು. ಒಂದ ಹೊತ್ತ ನಾ ಊಟಕ್ಕ ಹಾಕಬಾರದೇನ್ರಿ?" ಎಂದು ಕೇಳಿ ಬಂದರು. ಆ ಹಿರಿಯರ ಕೆಮ್ಮು ಅಲ್ಲಿಗೇ ವಾಸಿಯಾಯಿತು.

ರವಿವಾರ ಹನ್ನೆರಡಕ್ಕೆ ಊಟ ಎಂದು ಹೇಳಿತ್ತು. ಮಾಸ್ತರರು ಬಂದರು, ಫಾಯರ್‌ಮನ್ ಬಂದ. ಡ್ರೈವರ್ ಸಾಹೇಬರು ಹನ್ನೊಂದೂವರೆಗೇ ಬಂದು ನಮ್ಮ ಕಟ್ಟೆಯ ಮೇಲೆ ಕೂತು, ಹನ್ನೆರಡು ಬಡಿದ ಮೇಲೆ ಒಳಗೆ ಕಾಲಿಟ್ಟರು. ಎತ್ತರದ ಆಳು, ಬೆಳ್ಳಗಿನ ಗಡ್ಡ, ಗುಂಡಿ ಹಾಕಿದ ಕರಿ ಕೋಟು. ಮಾವನವರು ಎಲ್ಲರಿಗೂ ಕೂಡಿಸಿ ಒಂದು ನಮಸ್ಕಾರ ಮಾಡಿದರು. ಯಾರಿಗೆ ಎಷ್ಟು ಹೋಗಬೇಕೋ ಅವರೇ ಹಂಚಿಕೊಳ್ಳಲಿ ಎನ್ನುವ ಹಾಗೆ.

ನನ್ನ ಗಂಡ ಮೂವರನ್ನೂ ಸಾಲಾಗಿ, ಗುಂಡು ಹಿಡಿದು ಸಂದಿಯಿಂದ ಹಿತ್ತಲಿಗೆ ಕರೆತಂದು ಕೈಕಾಲಿಗೆ ನೀರು ಕೊಟ್ಟರು. ಆಮೇಲೆ ಬಾಳೆಲೆ ಬಂದಿಲ್ಲವೆಂದು ಹಿತ್ತಲ ಬಾಗಿಲಿನಿಂದ ಪೇಟೆಗೆ ಓಡಿದರು. ಅತಿಥಿಗಳು ಹೊರಳಿ ಹೋಗುವಾಗ ಅತ್ತೆ ಗೂಡಿನಿಂದ ಗುಂಡು ತೆಗೆದು ಎಲ್ಲರಿಗಿಂತ ಮುಂದಿದ್ದ ಡ್ರೈವರ್ ಸಾಹೇಬರಿಗೆ ಕೊಟ್ಟರು.

"ತಗೋರಿ ಸಾಹೇಬ್ರ. ಇದು ಇಲ್ದ ಒಳಗ ಬಿಡೂದಿಲ್ಲ ನಮ್ಮವ್ರು."

ಸಾಹೇಬರು ನಗಲಿಲ್ಲ. ಗುಂಡನ್ನು ತಿರುಗಿಸಿ ನೋಡಿ, ಜೇಬಿಗೆ ಇಳಿಸಿ, ಮುಂದೆ ನಡೆದರು. ಇಂಜಿನ್ನಿನ ಮೇಲೆ ಡ್ರೈವರ್ ಆದವನು ಹಾಗೇ ಮಾಡುತ್ತಾನಂತೆ. ಮುಂದಿನ ಸ್ಟೇಶನ್ನಿನವರು ಕೇಳುವ ತನಕ ಗುಂಡು ಅವನದು. ಪಡಸಾಲೆಗೆ ಹೋದರು, ಮಣೆಯ ಮೇಲೆ ಕುಳಿತರು. ಯಾರೂ ಕೇಳಲಿಲ್ಲ.

ಎಲೆ ಬಂದವು, ಹಾಸಿದ್ದಾಯಿತು. ಮಾವನವರು ಸೀಟಿ ಊದಿ ಹಸಿರು ನಿಶಾನೆ ಬೀಸಿದರು. ಈ ಕಡೆ ಹೋಳಿಗೆ, ಎಣಗಾಯಿ, ಕಟ್ಟಿನ ಸಾರು ಎಲ್ಲ ತಯಾರು. ನಾನು ಹೋಳಿಗೆಯ ಬುಟ್ಟಿ ಎತ್ತಿದೆ. ಅತ್ತೆ ನನ್ನ ಸೆರಗು ಹಿಡಿದು ನಿಲ್ಲಿಸಿದರು.

"ಗುಂಡು ಇಲ್ಲ. ಹ್ಯಾಂಗ ಹೋಗ್ತಿ?"

"ಅತ್ತಿ, ಅದು ಅವರ ಕಿಸೆದಾಗ..."

"ಸುಮ್ಮನಿರು. ಇವತ್ತ ಇವ್ರು ತಾವ ಅವರನ್ನ ಕೇಳಲಿ."

ನಾನು ಬುಟ್ಟಿ ಇಳಿಸಿ, ಸಂದಿಯಿಂದ ಇಣುಕಿ ನೋಡುತ್ತ ನಿಂತೆ. ಮಾವನವರು ಪಡಸಾಲೆಯ ಗೂಡು ನೋಡಿದರು, ಖಾಲಿ. "ಗುಂಡು ಆ ಕಡೆ ಐತೇನು?" ಎಂದು ಕೂಗಿದರು. "ಇಲ್ಲಿಲ್ರೀ" ಎಂದು ಅತ್ತೆ. ಮಾವನವರು ಮಾಸ್ತರರನ್ನು ಕೇಳಿದರು. "ನಾ ಕೈ ತೊಳ್ಕೊಳ್ಳಾಕತ್ತಿದ್ದೆ, ನೋಡಿಲ್ರಿ" ಅಂದರು ಮಾಸ್ತರರು. ಜೀವಮಾನದ ಅಭ್ಯಾಸ! ಫಾಯರ್‌ಮನ್ನನನ್ನು ಕೇಳಿದರು. ಅವನು ಮಾಡಿನ ಜಂತಿ ಎಣಿಸುತ್ತ ಕುಳಿತಿದ್ದ. ಮಗನನ್ನು ಕೇಳಿದರು, ಮಣೆ ಎತ್ತಿ ನೋಡಿದರು, ಎಲೆಯ ಕೆಳಗೆ ನೋಡಿದರು, ಬೆಕ್ಕನ್ನು ಸಹ ಸಂಶಯದಿಂದ ನೋಡಿದರು. ಒಬ್ಬರನ್ನು ಬಿಟ್ಟು ಎಲ್ಲರನ್ನೂ ಕೇಳಿದರು. ಆ ಒಬ್ಬರು ಎಲೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ, ಕೈ ತೊಡೆಯ ಮೇಲಿಟ್ಟು, ಎದುರಿನ ಗೋಡೆ ನೋಡುತ್ತ ಕುಳಿತಿದ್ದರು. ಸಿಗ್ನಲ್ ಬೀಳುವ ತನಕ ಡ್ರೈವರ್ ಹಾಗೇ ಕೂಡ್ರಬೇಕೇನೋ.

ಹತ್ತು ನಿಮಿಷ ಹೋಯಿತು. ಇಪ್ಪತ್ತು ಹೋಯಿತು. ಹೋಳಿಗೆ ಆರಿತು. ಸಾರಿನ ಮೇಲೆ ಕೆನೆಗಟ್ಟಿತು. ಬಾಳೆಲೆಯ ಮೇಲೆ ಚಿಮುಕಿಸಿದ ನೀರು ಒಣಗಿತು. "ನಾ ಬ್ಯಾರೆ ಕಟ್ಟಿಗಿ ಗುಂಡು ಕೊರದು ಕೊಡ್ಲೇನ್ರಿ ಗಾರ್ಡ್ ಸಾಹೇಬ್ರ?" ಎಂದು ಫಾಯರ್‌ಮನ್ ಕೇಳಿದ. ಹಸಿದವನ ಮಾತು. ಮಾವನವರ ಗಡಿಯಾರ ಹೊರಗೆ ಬಂತು, ಒಳಗೆ ಹೋಯಿತು, ಮತ್ತೆ ಹೊರಗೆ ಬಂತು. ಗುಂಡು ಯಾರ ಹತ್ತಿರ ಇದೆಯೆಂದು ಅವರಿಗೆ ಎಷ್ಟೊತ್ತಿಗೆ ಗೊತ್ತಾಯಿತೋ ನಾನರಿಯೆ. ಗೊತ್ತಾದ ಮೇಲೂ ಸ್ವಲ್ಪ ಹೊತ್ತು ಕಂಬದ ಹತ್ತಿರ ನಿಂತೇ ಇದ್ದರು. ಆಮೇಲೆ ನಿಶಾನೆ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಡ್ರೈವರ್ ಸಾಹೇಬರ ಎಲೆಯ ಮುಂದೆ ಹೋಗಿ ನಿಂತರು.

"ಸಾಹೇಬ್ರ" ಎಂದರು. "ಟೋಕನ್ ನಿಮ್ಮ ಕಡೆ ಐತೇನ್ರಿ?"

"ಐತ್ರಿ."

"ಮತ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ."

ಹದಿನಾಲ್ಕು ವರ್ಷದ ಮೇಲೆ ಆಡಿದ ಮಾತು ಇಷ್ಟೇ. ಸಾಹೇಬರು ಗುಂಡು ತೆಗೆದು ಕೊಟ್ಟರು. ಮಾವನವರು ಅದನ್ನು ಹಿಡಿದು ಸಂದಿಯಲ್ಲಿ ಸರಸರ ಬಂದು ಅತ್ತೆಯ ಕೈಗೆ ಇಟ್ಟು, ಅವರ ಮುಖ ನೋಡದೆ ಹೊರಳಿದರು. ಹೋಳಿಗೆಯ ಸಂಗಡ ಗುಂಡು ಮರಳಿ ಕಳಿಸೆಂದು ಅತ್ತೆಗೆ ಹೇಳಿ, ಗುಂಡು ಇಲ್ಲದ ಕಾರಣ ತಾವು ಹಿತ್ತಲಿನಿಂದ ಆರು ಮನೆ ಸುತ್ತಿ ಪಡಸಾಲೆಗೆ ಹೋದರು. ಕಾಯ್ದೆ ಅಂದರೆ ಕಾಯ್ದೆ.

ಊಟ ಚೆನ್ನಾಗಿಯೇ ಆಯಿತು. ಆರಿದ ಹೋಳಿಗೆಯನ್ನು ಹಂಚಿನ ಮೇಲೆ ಮತ್ತೆ ಬಿಸಿ ಮಾಡಿ ಹಾಕಿದೆವು. ಸಾಹೇಬರು ಎಣಗಾಯಿ ಎರಡು ಸಲ ಕೇಳಿ ಹಾಕಿಸಿಕೊಂಡರು. ಮಾಸ್ತರರು ಹೋಳಿಗೆ ಎಷ್ಟು ತಿಂದರೆಂದು ಕೇಳಬೇಡಿ, ಅವರನ್ನು ಕೇಳಿದರೆ ನೋಡಿಲ್ಲ ಅನ್ನುತ್ತಾರೆ. ಎಲ್ಲರದೂ ಆದ ಮೇಲೆ ಮಾವನವರೂ ಉಂಡರು. ಎಲೆ ಅಡಿಕೆಯ ತಟ್ಟೆ ಬಂದಾಗ ಎಂದಿನಂತೆ ಕಿವಿಯ ಮೇಲಿನ ಪೆನ್ಸಿಲ್ ಇಳಿಯಿತು. ಬಹಳ ಹೊತ್ತು ಬರೆದರು.

"ಏನ್ ಬರದ್ರಿ?" ಎಂದರು ಸಾಹೇಬರು.

ಮಾವನವರು ಅಡಿಕೆ ತಟ್ಟೆ ಹಿಡಿದು ನಿಂತಿದ್ದ ನನ್ನ ಕಡೆ ಬುಕ್ಕು ಚಾಚಿದರು. "ಓದವಾ. ಅವರಿಗೆ ಕನ್ನಡಾ ಓದಾಕ ಬರೂದಿಲ್ಲ."

ನಾನು ನಗೆಯನ್ನು ತುಟಿಯಲ್ಲೇ ಹಿಡಿದು ಓದಲು ಶುರು ಮಾಡಿದೆ. "ಊಟ ನಲವತ್ತು ನಿಮಿಷ ತಡ. ಕಾರಣ: ಗಾರ್ಡ್."

ಫಾಯರ್‌ಮನ್ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಓದುವಾಗ ನನಗೆ ನಗು ಇರಲಿಲ್ಲ. "ಹಿಂದಿನ ಒಂಬತ್ತು ನಿಮಿಷ. ಕಾರಣ: ಗಾರ್ಡ್. ನಿದ್ದೆ ಹತ್ತಿತ್ತು."

ಡ್ರೈವರ್ ಸಾಹೇಬರು ಗಡ್ಡ ನೀವಿಕೊಂಡರು.

"ಎರಡನೇದ್ದು ಹೊಡದ ಹಾಕ್ರಿ. ತಪ್ಪ ಐತಿ."

"ನನ್ನ ಬುಕ್ಕಿನ್ಯಾಗ ತಪ್ಪ?" ಎಂದರು ಮಾವನವರು. ಇಷ್ಟಾದರೂ ಅಭಿಮಾನ ಹೋಗಿರಲಿಲ್ಲ.

"ಹೌದ್ರಿ. ಕಂದೀಲು ಕಾಣಲಿಲ್ಲ ಅಂತ ನಾ ಇಂಜಿನ್ ಇಳದು ಹಿಂದ ನಡಕೋತ ಬಂದೆ. ನಲವತ್ತ ವ್ಯಾಗನ್ನು. ನೀವು ಡಬ್ಬಿಯಾಗ ಗ್ವಾಡಿಗೆ ಒರಗಿ ಮಲಗಿದ್ರಿ. ಮಡಲಾಗ ಹುಡುಗನ ಸಲುವಾಗಿ ತಗೊಂಡ ಔಷಧದ ಬಾಟ್ಲಿ ಇತ್ತು, ಬೀಳಬಾರದಂತ ಎರಡೂ ಕೈಲೆ ಹಿಡಕೊಂಡಿದ್ರಿ. ಎಬ್ಬಸ್ಬೇಕಂತ ಕೈ ಎತ್ತಿದೆ. ಎಬ್ಬಿಸಿದ್ರ ನೀವು ನಾಚಿಕೊಂಡು ನನ್ನ ಮಾರಿ ನೋಡಬೇಕಾಗ್ತಿತ್ತು. ಅದಕ್ಕ ಹೊಳ್ಳಿ ಹೋಗಿ ಇಂಜಿನ್ ಸೀಟಿ ಹೊಡದೆ, ನೀವು ಎದ್ರಿ. ಹೋಗಿ ಬರಾಕ ಒಂಬತ್ತ ಮಿನಿಟ. ತಡಾ ಮಾಡಿದಾಂವ ನಾನ. ನಿಮ್ಮ ಬುಕ್ಕಿನ್ಯಾಗ ಆವಾಗ ಬರದದ್ದ ಖರೆ ಐತಿ."

ಮಾವನವರು ಪೆನ್ಸಿಲ್ ಮತ್ತೆ ಕಿವಿಯ ಮೇಲೆ ಏರಿಸಿದರು.

"ಮೇಲ್ ಗಾಡಿ ಹೋತಂತ ಸಿಟ್ಟ ಇರಲಿಲ್ರಿ ನನಗ" ಎಂದರು ಸಾಹೇಬರು. "ನೀವು ಬಂದು ಒಂದ ಮಾತ ಹೇಳತೀರಿ ಅಂತ ದಾರಿ ನೋಡಿದೆ. ನೀವು ಹೇಳಿದ್ರ ನಾನೂ ಒಂದ ಮಾತ ಕೇಳಾವಿದ್ದೆ. ಅದು ಕೇಳೂದ ಉಳೀತು."

"ಏನದು?"

"ಹುಡುಗಗ ಆರಾಮ ಆತಲ್ರಿ?"

ಉತ್ತರ ಸಂದಿಯ ಕಡೆಯಿಂದ ಬಂತು. ಅತ್ತೆ ಸೆರಗಿಗೆ ಕೈ ಒರೆಸುತ್ತ ನಡೆದು ಬರುತ್ತಿದ್ದರು. ಅವರ ಕೈಯಲ್ಲಿ ಗುಂಡು ಇರಲಿಲ್ಲ. ಗುಂಡು ಪಡಸಾಲೆಯ ಗೂಡಿನಲ್ಲೇ ಇತ್ತು, ಮಾವನವರ ಕಣ್ಣೆದುರಿಗೆ.

"ಆರಾಮ ಆತ್ರಿ ಸಾಹೇಬ್ರ. ನಿಮಗ ಮಜ್ಜಿಗಿ ಬಡಿಸಿದಾಂವ ಅವನ. ಆ ಕಂಬದ ಹಂತ್ಯಾಕ ನಿಂತಾನ ನೋಡ್ರಿ."

ಸಾಹೇಬರು ನನ್ನ ಗಂಡನನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು. ಇಪ್ಪತ್ತನಾಲ್ಕರ ಮೀಸೆ ಹೊತ್ತ ಗಂಡಸು ಖಾಲಿ ತಂಬಿಗೆ ಹಿಡಿದು ಕೂಸಿನ ಹಾಗೆ ನಿಂತಿದ್ದರು. "ಬಾರಪಾ ಇಲ್ಲೆ" ಎಂದು ಕರೆದು ಪಕ್ಕದಲ್ಲಿ ಕೂಡ್ರಿಸಿಕೊಂಡು, ಸಾಹೇಬರು ಅವರ ಹಣೆಯ ಮೇಲೆ ಅಂಗೈ ಇಟ್ಟು ನೋಡಿದರು. ಜ್ವರ ಇಳಿದಿದೆಯೋ ಇಲ್ಲವೋ ಎಂದು ನೋಡುವ ಹಾಗೆ.

ಆ ಬುಕ್ಕು ಈಗ ನನ್ನ ಹತ್ತಿರ ಇದೆ. ಆ ದಿನದ ಪುಟದಲ್ಲಿ ಎರಡನೆಯ ಸಾಲನ್ನು ಮಾವನವರು ಹೊಡೆದು ಹಾಕಿಲ್ಲ. ಅತ್ತೆ ಗುಂಡು ಇಲ್ಲದೆ ಸಂದಿ ದಾಟಿ ಬಂದದ್ದನ್ನೂ ಬರೆದಿಲ್ಲ.